ಕೈ ಎತ್ತಿಸುವ ಮೊದಲು: ‘ಮೋಲ್ಕರೀಣ್’ ಸಾಕ್ಷ್ಯಚಿತ್ರದೊಂದಿಗೆ ಒಂದು ಸಮಾಜ ವಿಜ್ಞಾನ ಪಾಠ

ಹಿನ್ನೆಲೆ

ಬೋಧನಾಭ್ಯಾಸದ ಎರಡನೇ ವಾರ, ಜೋಗುಪಾಳ್ಯದ ಒಂದು ಪ್ರೌಢಶಾಲೆ, ಹತ್ತನೇ ತರಗತಿ. ಸಮಾಜಶಾಸ್ತ್ರ ಭಾಗದ ‘ದುಡಿಮೆ’ ಘಟಕದಲ್ಲಿ ಸಂಘಟಿತ ಮತ್ತು ಅಸಂಘಟಿತ ಕೆಲಸಗಾರರ ವಿಷಯವನ್ನು ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಆರಿಸಿಕೊಂಡಿದ್ದರು. ಪಠ್ಯದ ವ್ಯಾಖ್ಯೆಗಳನ್ನು ಓದಿಸಿ ಮುಗಿಸುವ ಬದಲು ಒಂದು ಸಾಕ್ಷ್ಯಚಿತ್ರ ತೋರಿಸಬೇಕೆಂಬುದು ಅವರ ಆಸೆ. ಆರಿಸಿದ್ದೂ ಒಳ್ಳೆಯ ಚಿತ್ರವನ್ನೇ. ದೀಪಾ ಧನರಾಜ್ ನಿರ್ದೇಶನದ ‘ಮೋಲ್ಕರೀಣ್’ (1981) ಪುಣೆಯ ಮನೆಗೆಲಸದ ಮಹಿಳೆಯರ ಬಗ್ಗೆ ಇರುವ, ಸುಮಾರು 25 ನಿಮಿಷದ ಕಪ್ಪು-ಬಿಳುಪು ಮರಾಠಿ ಚಿತ್ರ.

ಈ ಶಾಲೆಗೆ ಬರುವ ಮಕ್ಕಳ ಮನೆಗಳಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕೂ ಕೇಳಿಸುತ್ತವೆ. ಒಂದು ಕಡೆ ಹಲಸೂರಿನ ಹಳೆಯ ಬೀದಿಗಳು, ಇನ್ನೊಂದು ಕಡೆ ಇಂದಿರಾನಗರದ ಬಂಗಲೆಗಳು ಮತ್ತು ಅಪಾರ್ಟ್‌ಮೆಂಟುಗಳು. ಬೆಳಗಿನ ಹೊತ್ತು ಪಾಳ್ಯದ ಓಣಿಗಳಿಂದ ಆ ಕಡೆಗೆ ನಡೆದುಹೋಗುವ ಹೆಂಗಸರಲ್ಲಿ ನಮ್ಮ ವಿದ್ಯಾರ್ಥಿಗಳ ತಾಯಂದಿರೂ ಇದ್ದಾರೆ. ಹಾಗಾಗಿ ಈ ಚಿತ್ರ ಈ ತರಗತಿಗೆ ಹೇಳಿ ಮಾಡಿಸಿದಂತಿದೆ ಎಂದು ಪಾಠಯೋಜನೆ ನೋಡಿದಾಗ ನನಗೂ ಅನಿಸಿತ್ತು. ಸಹಿ ಹಾಕಿದವಳು ನಾನೇ.

ಮೊದಲ ಪಾಠದಲ್ಲಿ ಆದದ್ದು

ಪೂರ್ವಜ್ಞಾನ ತಿಳಿಯುವ ಹಂತದಲ್ಲಿ ಪ್ರಶಿಕ್ಷಣಾರ್ಥಿ ಕೇಳಿದ ಮೊದಲ ಪ್ರಶ್ನೆ ಇದು: “ನಿಮ್ಮಲ್ಲಿ ಯಾರ ಅಮ್ಮ ಬೇರೆಯವರ ಮನೆಗೆಲಸಕ್ಕೆ ಹೋಗ್ತಾರೆ? ಕೈ ಎತ್ತಿ.”

ಒಂದು ಕೈಯೂ ಏಳಲಿಲ್ಲ. ಎರಡನೇ ಬೆಂಚಿನ ಹುಡುಗಿಯೊಬ್ಬಳು ಬಗ್ಗಿ ಬ್ಯಾಗಿನಲ್ಲಿ ಏನನ್ನೋ ಹುಡುಕತೊಡಗಿದಳು. ಪ್ರಶ್ನೆ ದಾಟಿಹೋಗುವವರೆಗೂ ತಲೆ ಎತ್ತಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಇನ್ನೊಬ್ಬನ ಬೆನ್ನು ತಟ್ಟಿ ನಕ್ಕ. ಪ್ರಶಿಕ್ಷಣಾರ್ಥಿ ಗಾಬರಿಯಾಗಿ ನೇರವಾಗಿ ಚಿತ್ರ ಹಾಕಿದರು. ಚಿತ್ರ ಮುಗಿದ ಮೇಲೆ ಉಳಿದದ್ದು ಏಳೆಂಟು ನಿಮಿಷ. “ಚಿತ್ರ ಯಾವ ಊರಿನದು? ಕೆಲಸಗಾರರ ಸಮಸ್ಯೆಗಳು ಯಾವುವು?” ಎಂಬ ಪ್ರಶ್ನೆಗಳಿಗೆ ಮುಂದಿನ ಬೆಂಚಿನ ನಾಲ್ಕೈದು ಮಕ್ಕಳು ಉತ್ತರ ಕೊಟ್ಟರು. ವೀಕ್ಷಣಾ ನಮೂನೆಯ ಪ್ರಕಾರ ಪಾಠ ಚೆನ್ನಾಗಿಯೇ ಆಗಿತ್ತು: ಬೋಧನೋಪಕರಣ ಇತ್ತು, ಜೀವನಕ್ಕೆ ಸಂಬಂಧ ಕಲ್ಪಿಸಿದ್ದೂ ಇತ್ತು.

ಆ ತರಗತಿಯ ಹಲವು ಮಕ್ಕಳ ತಾಯಂದಿರು ಮನೆಗೆಲಸ ಮಾಡುತ್ತಾರೆಂದು ಆಮೇಲೆ ತರಗತಿ ಶಿಕ್ಷಕಿ ಹೇಳಿದರು. ಅಂದರೆ ಮಕ್ಕಳು ನಮ್ಮ ಪ್ರಶ್ನೆಗೆ ಸುಳ್ಳು ಉತ್ತರ ಕೊಟ್ಟಿದ್ದರು. ಆ ಸುಳ್ಳನ್ನು ಅವರಿಂದ ಹೇಳಿಸಿದವರು ನಾವು. ‘ಕಲಿಕೆಯನ್ನು ಮಗುವಿನ ಅನುಭವಕ್ಕೆ ಜೋಡಿಸಿ’ ಎಂದು ಕಾಲೇಜಿನಲ್ಲಿ ಹೇಳಿಕೊಡುವ ನಾವು, ಆ ಅನುಭವವನ್ನು ಎಲ್ಲರೆದುರು ಬಿಚ್ಚಿಡಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವ ಹಕ್ಕು ಮಗುವಿನದು ಎಂಬುದನ್ನು ಹೇಳಿಕೊಟ್ಟಿರಲಿಲ್ಲ.

ಚಿತ್ರ ಮತ್ತು ಅದನ್ನು ಮಾಡಿದವರು

ಹಿಮ್ಮಾಹಿತಿ ಸಭೆಯಲ್ಲಿ ಚಿತ್ರವನ್ನೇ ಕೈಬಿಡೋಣ ಎಂಬ ಸಲಹೆ ಬಂತು. ನಾವು ಹಾಗೆ ಮಾಡಲಿಲ್ಲ. ಬದಲಿಗೆ ಆ ಚಿತ್ರ ಹೇಗೆ ತಯಾರಾಯಿತು ಎಂಬುದನ್ನು ಓದಿಕೊಂಡೆವು. ಪಾಠದ ತಪ್ಪು ತಿದ್ದುವ ದಾರಿ ಅಲ್ಲೇ ಸಿಕ್ಕಿತು.

ನಮ್ಮಲ್ಲಿ ಬಹುಕಾಲ ಸಾಕ್ಷ್ಯಚಿತ್ರ ಎಂದರೆ 1948ರಲ್ಲಿ ಆರಂಭವಾದ ಫಿಲ್ಮ್ಸ್ ಡಿವಿಷನ್‌ನ ಚಿತ್ರಗಳು. ಟಾಕೀಸುಗಳಲ್ಲಿ ಮುಖ್ಯ ಸಿನಿಮಾಕ್ಕೆ ಮೊದಲು ಅವುಗಳನ್ನು ಕಡ್ಡಾಯವಾಗಿ ತೋರಿಸುತ್ತಿದ್ದರು. ಅವುಗಳಲ್ಲಿ ಹೆಚ್ಚಿನವುಗಳ ಕ್ರಮ ಒಂದೇ: ಜನ ಪರದೆಯ ಮೇಲೆ ಕೆಲಸ ಮಾಡುತ್ತಿರುತ್ತಾರೆ, ಮುಖ ಕಾಣದ ಗಂಭೀರ ಧ್ವನಿಯೊಂದು ಅವರ ಬಗ್ಗೆ ಮಾತನಾಡುತ್ತಿರುತ್ತದೆ.

1980ರಲ್ಲಿ ಬೆಂಗಳೂರಿನಲ್ಲಿ ‘ಯುಗಾಂತರ್’ ಎಂಬ ಚಿತ್ರ ಸಮೂಹ ಹುಟ್ಟಿತು. ದೀಪಾ ಧನರಾಜ್, ಆಭಾ ಭಯ್ಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವರೋಜ್ ಕಾಂಟ್ರಾಕ್ಟರ್ ಅದನ್ನು ಕಟ್ಟಿದವರು. 1981ರಿಂದ 1983ರ ನಡುವೆ ಅವರು ನಾಲ್ಕು ಚಿತ್ರ ಮಾಡಿದರು. ಮೊದಲನೆಯದು ‘ಮೋಲ್ಕರೀಣ್’. ಕಡಿಮೆ ಸಂಬಳ, ರಜೆ ಇಲ್ಲದಿರುವುದು, ಯಾವಾಗ ಬೇಕಾದರೂ ಕೆಲಸದಿಂದ ತೆಗೆಯುವುದು ಇವುಗಳ ವಿರುದ್ಧ ಪುಣೆಯ ಮನೆಗೆಲಸದ ಮಹಿಳೆಯರು ಮುಷ್ಕರ ಹೂಡಿ ಸಂಘ ಕಟ್ಟಿಕೊಂಡದ್ದು ಅದರ ವಿಷಯ. ಎರಡನೆಯದು ‘ತಂಬಾಕು ಚಾಕಿಲಾ ಊಬ್ ಆಲಿ’ (1982), ನಮ್ಮ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಮಹಿಳೆಯರ ಹೋರಾಟದ ಚಿತ್ರ. ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನದ ಜೊತೆಗೂಡಿ ತೆಲುಗಿನಲ್ಲಿ ಮಾಡಿದ ‘ಇದಿ ಕಥಾ ಮಾತ್ರಮೇನಾ’ (1983) ಮನೆಯೊಳಗಿನ ಹಿಂಸೆಯನ್ನು ಕುರಿತದ್ದು; ‘ಸುದೇಶಾ’ (1983) ಚಿಪ್ಕೋ ಚಳವಳಿಯ ಮಹಿಳೆಯೊಬ್ಬರನ್ನು ಕುರಿತದ್ದು. ಮುಂದೆ ದೀಪಾ ಧನರಾಜ್ ಕುಟುಂಬ ಯೋಜನೆ ಕಾರ್ಯಕ್ರಮ ಮಹಿಳೆಯರ ದೇಹದ ಮೇಲೆ ನಡೆಸಿದ ಒತ್ತಾಯವನ್ನು ‘ಸಮ್‌ಥಿಂಗ್ ಲೈಕ್ ಎ ವಾರ್’ (1991) ಚಿತ್ರದಲ್ಲಿ ದಾಖಲಿಸಿದರು.

ನಮಗೆ ಮುಖ್ಯವಾದದ್ದು ಅವರ ಕ್ರಮ. ಸಮೂಹದವರು ಒಂದು ದಿನ ಬಂದು ಚಿತ್ರೀಕರಿಸಿಕೊಂಡು ಹೋದವರಲ್ಲ. ನಿಪ್ಪಾಣಿಯಲ್ಲಿ ತಿಂಗಳುಗಟ್ಟಲೆ ಕೆಲಸಗಾರರ ಜೊತೆ ಇದ್ದರು. ಏನನ್ನು ತೋರಿಸಬೇಕು ಎಂಬುದನ್ನು ಆ ಮಹಿಳೆಯರೊಂದಿಗೆ ಮಾತಾಡಿಕೊಂಡೇ ತೀರ್ಮಾನಿಸಿದರು. ಮುಗಿದ ಚಿತ್ರಗಳನ್ನು ಪ್ರೊಜೆಕ್ಟರ್ ಸಮೇತ ಬಡಾವಣೆಗಳಿಗೆ, ಸಂಘದ ಸಭೆಗಳಿಗೆ ಒಯ್ದು ತೋರಿಸಿ ಚರ್ಚೆ ನಡೆಸಿದರು. ಕ್ಯಾಮೆರಾ ಹಿಡಿದದ್ದು ಒಬ್ಬ ಗಂಡಸು ಎಂಬುದನ್ನೂ ಗಮನಿಸಬೇಕು. ನಿರ್ದೇಶಕಿ ಹೆಣ್ಣು ಎಂಬ ಒಂದೇ ಕಾರಣಕ್ಕೆ ಚಿತ್ರ ಬೇರೆಯಾಗಲಿಲ್ಲ. ಯಾರ ಪಕ್ಕ ಕೂತು, ಎಷ್ಟು ದಿನ ಕೂತು, ಯಾರಿಗಾಗಿ ಕೇಳಿದರು ಎಂಬುದರಿಂದ ಬೇರೆಯಾಯಿತು.

ಇದನ್ನು ಓದುತ್ತಾ ಪ್ರಶಿಕ್ಷಣಾರ್ಥಿ ತಾವೇ ಹೇಳಿದ ಮಾತು: “ಮೇಡಂ, ನಾನು ಯುಗಾಂತರ್ ಚಿತ್ರವನ್ನ ಫಿಲ್ಮ್ಸ್ ಡಿವಿಷನ್ ಥರ ಪಾಠ ಮಾಡಿಬಿಟ್ಟೆ.”

ಮರುಯೋಜಿಸಿದ ಪಾಠ

ಮುಂದಿನ ವಾರ ಅದೇ ತರಗತಿಯಲ್ಲಿ 40 ನಿಮಿಷದ ಎರಡು ಅವಧಿ ಕೇಳಿಕೊಂಡೆವು. ಕಲಿಕಾ ಫಲಗಳನ್ನು ಎರಡಕ್ಕೆ ಇಳಿಸಿದೆವು: ಮನೆಗೆಲಸವನ್ನು ‘ದುಡಿಮೆ’ ಎಂದು ಗುರುತಿಸಿ ಕಾರಣ ಕೊಡುವುದು, ಸಾಕ್ಷ್ಯಚಿತ್ರವೊಂದರಲ್ಲಿ ಮಾತನಾಡುವವರು ಯಾರು, ಕೇಳುವವರು ಯಾರು ಎಂದು ಪ್ರಶ್ನಿಸುವುದು.

1. ತೊಡಗಿಸುವಿಕೆ (10 ನಿಮಿಷ). ಈ ಸಲ ವ್ಯಕ್ತಿಗಳ ಬಗ್ಗೆ ಪ್ರಶ್ನೆ ಇಲ್ಲ, ಕೆಲಸದ ಬಗ್ಗೆ ಮಾತ್ರ. “ಯಾವುದಾದರೂ ಒಂದು ಮನೆ ಅಂದ್ಕೊಳ್ಳಿ. ಬೆಳಿಗ್ಗೆ 6ರಿಂದ 10ರ ಒಳಗೆ ಅಲ್ಲಿ ಆಗಲೇಬೇಕಾದ ಕೆಲಸ ಯಾವ್ಯಾವುದು?” ಕಪ್ಪುಹಲಗೆ ತುಂಬಿತು: ನೀರು ಹಿಡಿಯೋದು, ಬಾಗಿಲು ಸಾರಿಸಿ ರಂಗೋಲಿ, ಹಾಲು ಕಾಯಿಸೋದು, ಪಾತ್ರೆ, ಬಟ್ಟೆ, ಡಬ್ಬಿ ಕಟ್ಟೋದು, ಅಜ್ಜಿಗೆ ಮಾತ್ರೆ. ಆಮೇಲೆ ಎರಡನೇ ಪ್ರಶ್ನೆ: “ಇವುಗಳಲ್ಲಿ ಯಾವುದಕ್ಕೆ ಹೊರಗಿನಿಂದ ಬಂದು ಮಾಡಿದರೆ ಸಂಬಳ ಇದೆ, ಮನೆಯವರೇ ಮಾಡಿದರೆ ಇಲ್ಲ?” ಪಾಠದ ಮುಖ್ಯ ಪರಿಕಲ್ಪನೆ ಇಲ್ಲೇ ಬಂತು. ಯಾರೂ ಯಾರನ್ನೂ ತೋರಿಸಬೇಕಾಗಲಿಲ್ಲ.

2. ಪರಿಶೋಧನೆ (ಮೊದಲ ಅವಧಿಯ ಉಳಿದ 30 ನಿಮಿಷ). ಚಿತ್ರದ ಮೊದಲ ಐದು ನಿಮಿಷವನ್ನು ಧ್ವನಿ ಇಲ್ಲದೆ ತೋರಿಸಲಾಯಿತು. ಮಕ್ಕಳಿಗೆ ಕೊಟ್ಟ ಕೆಲಸ ಒಂದೇ: ಕಂಡದ್ದನ್ನು ಬರೆಯಿರಿ, ಅನಿಸಿದ್ದನ್ನು ಬೇಡ. ಮರಾಠಿ ಬಾರದ ತರಗತಿಗೆ ಇದು ಅನುಕೂಲವೂ ಹೌದು. ಭಾಷೆ ಬಾರದಿರುವುದು ಎಲ್ಲರಿಗೂ ಸಮಾನವಾದಾಗ ಕನ್ನಡದಲ್ಲಿ ಹಿಂದುಳಿದ ಮಕ್ಕಳೂ ಮುಂದೆ ಬಂದರು. ಆಮೇಲೆ ಧ್ವನಿಯೊಂದಿಗೆ, ಭಾಗ ಭಾಗವಾಗಿ ನಿಲ್ಲಿಸಿ, ಮಾತಿನ ಸಾರವನ್ನು ಮಾತ್ರ ಕನ್ನಡದಲ್ಲಿ ಹೇಳಲಾಯಿತು. ವ್ಯಾಖ್ಯಾನ ಮಾಡಬಾರದೆಂದು ಪ್ರಶಿಕ್ಷಣಾರ್ಥಿ ಮೊದಲೇ ಬರೆದಿಟ್ಟುಕೊಂಡಿದ್ದರು. ಎರಡು ಬಾರಿ ಮರೆತರು, ಮತ್ತೆ ತಡೆದುಕೊಂಡರು.

3. ಅಭಿವ್ಯಕ್ತಿ (15 ನಿಮಿಷ). ಎರಡನೇ ಅವಧಿಯಲ್ಲಿ ಗುಂಪುಗಳಿಗೆ ಮೂರು ಪ್ರಶ್ನೆ: ಇಲ್ಲಿ ಮಾತಾಡುತ್ತಿರುವವರು ಯಾರು? ಅವರನ್ನು ಮಾತಾಡಿಸಿದವರು ಯಾರು? ಮಾತಾಡಬೇಕಿತ್ತು, ಆದರೆ ಚಿತ್ರದಲ್ಲಿ ಇಲ್ಲ ಎನ್ನಿಸಿದವರು ಯಾರು?

4. ವಿಸ್ತರಣೆ (10 ನಿಮಿಷ). ಚಿತ್ರ ಬಂದ ಮೇಲೆ ಏನಾಯಿತು? 2004ರಲ್ಲಿ ಕರ್ನಾಟಕ ಸರ್ಕಾರ ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿಪಡಿಸಿತು. ಅದನ್ನು ಮೊದಲಾಗಿ ಮಾಡಿದ ರಾಜ್ಯಗಳಲ್ಲಿ ನಮ್ಮದೂ ಒಂದು. 2011ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮನೆಗೆಲಸಗಾರರ ಹಕ್ಕುಗಳ ಕುರಿತ 189ನೇ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ ಅದರ ಪರ ಮತ ಹಾಕಿದರೂ ಇನ್ನೂ ಅನುಮೋದಿಸಿಲ್ಲ. ಕಾನೂನು ಬಂದರೂ ಅಡುಗೆಮನೆಯ ಬಾಗಿಲ ಹಿಂದೆ ಅದನ್ನು ಜಾರಿ ಮಾಡುವುದು ಏಕೆ ಕಷ್ಟ ಎಂಬ ಚರ್ಚೆಗೆ ಮಕ್ಕಳು ತಾವಾಗಿಯೇ ಇಳಿದರು. “ಫ್ಯಾಕ್ಟರೀಲಿ ನೂರು ಜನ ಒಟ್ಟಿಗೆ ಇರ್ತಾರೆ, ಮನೇಲಿ ಒಬ್ಬರೇ ಇರ್ತಾರೆ” ಎಂದ ಒಬ್ಬ ಹುಡುಗನ ಮಾತು ಅಸಂಘಟಿತ ವಲಯಕ್ಕೆ ಪುಸ್ತಕದ ವ್ಯಾಖ್ಯೆಗಿಂತ ಚೆನ್ನಾಗಿತ್ತು.

ತರಗತಿಯಲ್ಲಿ ಬಂದ ಪ್ರಶ್ನೆ

ಮೂರನೇ ಹಂತದಲ್ಲಿ ನಮ್ಮ ಯೋಜನೆಯಲ್ಲಿಲ್ಲದ ಪ್ರಶ್ನೆಯೊಂದು ಬಂತು. ಎರಡನೇ ಬೆಂಚಿನ ಅದೇ ಹುಡುಗಿ ಕೇಳಿದಳು: “ಮಿಸ್, ಈ ಸಿನಿಮಾ ತೆಗೆದೋರು ಯಾವತ್ತಾದ್ರೂ ಬೇರೆಯವರ ಮನೇಲಿ ಪಾತ್ರೆ ತೊಳ್ದಿದ್ದಾರಾ?”

ಪ್ರಶಿಕ್ಷಣಾರ್ಥಿ ನನ್ನ ಕಡೆ ನೋಡಿದರು. ನಾನು ಸುಮ್ಮನಿದ್ದೆ. ಅವರು ಪ್ರಾಮಾಣಿಕವಾಗಿ ಉತ್ತರಿಸಿದರು: ಇಲ್ಲ, ಅವರು ಓದಿದ, ನಗರದ ಮಹಿಳೆಯರು, ಆ ಕೆಲಸ ಅವರ ಹೊಟ್ಟೆಪಾಡಾಗಿರಲಿಲ್ಲ. ಅದಕ್ಕೇ ಅವರು ಸಂಘದ ಹೆಂಗಸರ ಜೊತೆ ಕೂತು, ಕೇಳಿಸಿಕೊಂಡು ಚಿತ್ರ ಮಾಡಬೇಕಾಯಿತು. ಹುಡುಗಿ ಸ್ವಲ್ಪ ಯೋಚಿಸಿ, “ಹಾಗಾದ್ರೆ ಅವರೇ ಕ್ಯಾಮೆರಾ ಹಿಡಿದಿದ್ರೆ ಬೇರೆ ಥರ ಇರ್ತಿತ್ತು” ಎಂದಳು. ಈ ‘ಅವರೇ’ ಎಂದರೆ ಕೆಲಸದ ಹೆಂಗಸರು.

ಮಹಿಳೆಯರ ಸಾಕ್ಷ್ಯಚಿತ್ರಗಳ ಬಗ್ಗೆ ಬರೆಯುವಾಗ ನಾವು ‘ಮಹಿಳೆಯ ದೃಷ್ಟಿ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಮನೆಯೊಡತಿಯೂ ಹೆಣ್ಣು, ಕೆಲಸದವಳೂ ಹೆಣ್ಣು, ನಿರ್ದೇಶಕಿಯೂ ಹೆಣ್ಣು. ಈ ಮೂವರ ನಡುವಿನ ದೂರವನ್ನು ಹದಿನೈದರ ಹುಡುಗಿ ಒಂದು ಪ್ರಶ್ನೆಯಲ್ಲಿ ಅಳೆದಳು. ಅದಕ್ಕೆ ನಮ್ಮಲ್ಲಿ ಪೂರ್ತಿ ಉತ್ತರ ಇರಲಿಲ್ಲ. ಇಲ್ಲ ಎಂದು ಒಪ್ಪಿಕೊಂಡದ್ದೇ ಆ ದಿನದ ಒಳ್ಳೆಯ ಬೋಧನೆ ಎಂದು ವೀಕ್ಷಣಾ ಪುಸ್ತಕದಲ್ಲಿ ಬರೆದೆ.

ಮೌಲ್ಯಮಾಪನ

ಉಳಿದ 15 ನಿಮಿಷಗಳಲ್ಲಿ ಮಕ್ಕಳಿಂದ ಉತ್ತರಗಳನ್ನಲ್ಲ, ಪ್ರಶ್ನೆಗಳನ್ನು ಬರೆಸಿದೆವು. “ನಿಮ್ಮ ಬೀದಿಯ ಯಾವುದಾದರೂ ಒಂದು ಕೆಲಸದ ಬಗ್ಗೆ ಐದು ನಿಮಿಷದ ಚಿತ್ರ ಮಾಡುತ್ತೀರಿ. ಆ ಕೆಲಸ ಮಾಡುವವರನ್ನು ಕೇಳುವ ಮೂರು ಪ್ರಶ್ನೆ ಬರೆಯಿರಿ. ಕೇಳಬಾರದ ಒಂದು ಪ್ರಶ್ನೆ ಬರೆದು ಕಾರಣ ಕೊಡಿ.” ಹೆಸರು ಬರೆಯುವುದು ಬಿಡುವುದು ಅವರ ಇಷ್ಟ.

ಇಸ್ತ್ರಿ ಅಂಗಡಿ, ಪೌರಕಾರ್ಮಿಕರು, ಹೂ ಕಟ್ಟುವವರು, ಮನೆಗೆಲಸ ಎಲ್ಲವೂ ಬಂದವು. ಕೇಳುವ ಪ್ರಶ್ನೆಗಳಲ್ಲಿ ಹಲವು ಸೂಕ್ಷ್ಮವಾಗಿದ್ದವು: “ಮಳೆ ಬಂದ ದಿನ ಏನು ಮಾಡುತ್ತೀರಿ?”, “ಹುಷಾರಿಲ್ಲದಾಗ ನಿಮ್ಮ ಬದಲು ಯಾರು ಹೋಗುತ್ತಾರೆ?” ಕೇಳಬಾರದ ಪ್ರಶ್ನೆಗಳಲ್ಲಿ ಸಂಬಳದ್ದು ಹೆಚ್ಚು, “ಓನರ್ ಪಕ್ಕದಲ್ಲಿದ್ದಾಗ ಕೇಳಬಾರದು” ಎಂದು ಒಬ್ಬರ ಕಾರಣ. ಹೆಸರಿಲ್ಲದ ಒಂದು ಹಾಳೆಯಲ್ಲಿ ಹೀಗಿತ್ತು: “ಎಲ್ಲರ ಮುಂದೆ ಕೈ ಎತ್ತಿ ಅಂತ ಕೇಳಬಾರದು. ಹೇಳಬೇಕು ಅನ್ನಿಸಿದರೆ ಅವರೇ ಹೇಳುತ್ತಾರೆ.” ಆ ಹಾಳೆಯನ್ನು ಪ್ರಶಿಕ್ಷಣಾರ್ಥಿ ತಮ್ಮ ಪಾಠಯೋಜನೆಯ ಕಡತದಲ್ಲಿ ಮೊದಲ ಪುಟವಾಗಿ ಸೇರಿಸಿದ್ದಾರೆ.

ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆಗಳು

ಸಾಕ್ಷ್ಯಚಿತ್ರವನ್ನು ಬಳಸುವ ಮೊದಲು ಕನಿಷ್ಠ ಎರಡು ಬಾರಿ ಪೂರ್ತಿ ನೋಡಿ. ಒಮ್ಮೆ ಶಿಕ್ಷಕರಾಗಿ, ಇನ್ನೊಮ್ಮೆ ಆ ತರಗತಿಯ ಮಗುವಾಗಿ. ತರಗತಿ ಶಿಕ್ಷಕರನ್ನು ಮೊದಲೇ ಮಾತಾಡಿಸಿ, ಮಕ್ಕಳ ಮನೆಯ ಪರಿಸ್ಥಿತಿ ತಿಳಿದುಕೊಳ್ಳಿ. ಆದರೆ ತಿಳಿದದ್ದನ್ನು ತರಗತಿಯಲ್ಲಿ ಆಡಬೇಡಿ.

25 ನಿಮಿಷದ ಚಿತ್ರವನ್ನು ಒಂದೇ ಅವಧಿಯಲ್ಲಿ ಮುಗಿಸಲು ಹೋಗಬೇಡಿ. ಐದು ನಿಮಿಷ ಚೆನ್ನಾಗಿ ನೋಡಿದರೆ ಸಾಕು. ಭಾಷೆ ಬೇರೆಯಾದರೆ ಮೊದಲು ಧ್ವನಿ ನಿಲ್ಲಿಸಿ ತೋರಿಸಿ.

ಪಾಠಯೋಜನೆಯಲ್ಲಿ ‘ನಿರ್ದೇಶಕರು’ ಎಂಬ ಸಾಲನ್ನು ಕಡ್ಡಾಯವಾಗಿ ಸೇರಿಸಿ. ಪಠ್ಯಪುಸ್ತಕಕ್ಕೆ ಲೇಖಕರಿರುವಂತೆ ಚಿತ್ರಕ್ಕೂ ಮಾಡಿದವರಿದ್ದಾರೆ ಎಂದು ಮಕ್ಕಳಿಗೆ ತಿಳಿಯಲಿ. ಅದು ಹೆಣ್ಣಿನ ಹೆಸರಾದಾಗ ಅಲ್ಲಿಗೇ ನಿಲ್ಲದೆ, ಅವರು ಯಾರ ಜೊತೆ, ಹೇಗೆ ಕೆಲಸ ಮಾಡಿದರು ಎಂದೂ ಕೇಳಿ. ಯುಗಾಂತರ್ ಚಿತ್ರಗಳನ್ನು ಬರ್ಲಿನ್ನಿನ ಆರ್ಸೆನಲ್ ಸಂಸ್ಥೆ ಡಿಜಿಟಲ್ ರೂಪಕ್ಕೆ ತಂದಿರುವುದರಿಂದ ಈಗ ಅವುಗಳನ್ನು ನೋಡುವುದು ಹಿಂದಿನಷ್ಟು ಕಷ್ಟವಲ್ಲ. ಪ್ರತಿಭಟನೆ, ಚಳವಳಿಗಳ ಪಾಠಕ್ಕೆ ‘ಸುದೇಶಾ’, ಕಾರ್ಖಾನೆ ದುಡಿಮೆಗೆ ನಿಪ್ಪಾಣಿಯ ಚಿತ್ರ ಹೊಂದುತ್ತವೆ.

ಕೊನೆಯದಾಗಿ ಮೇಲ್ವಿಚಾರಕರಿಗೆ: ಪೂರ್ವಜ್ಞಾನ ಪ್ರಶ್ನೆಗಳಿಗೆ ಸಹಿ ಹಾಕುವ ಮೊದಲು, ಆ ಪ್ರಶ್ನೆಗೆ ಉತ್ತರ ಕೊಡಲು ಮಗು ಏನನ್ನು ಬಿಟ್ಟುಕೊಡಬೇಕಾಗುತ್ತದೆ ಎಂದು ಒಮ್ಮೆ ಕೇಳಿಕೊಳ್ಳೋಣ. ನಮ್ಮ ವೀಕ್ಷಣಾ ನಮೂನೆಯಲ್ಲಿ ಅದಕ್ಕೊಂದು ಕಾಲಂ ಇಲ್ಲ. ಈ ವರ್ಷದಿಂದ ನಾನು ಅಂಚಿನಲ್ಲಿ ಕೈಯಿಂದ ಬರೆದುಕೊಳ್ಳುತ್ತಿದ್ದೇನೆ.