ಜಗಳೂರಿಗೆ ಉಳಿದಿದ್ದು ಏಳೇ ಕನೆಕ್ಷನ್

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಸಹಕಾರಿ ಸಂಘವೊಂದರ ಈ ನಾಲ್ಕು ಶಾಖೆಗಳ ಸಾಲ, ಠೇವಣಿ ಲೆಕ್ಕದ ಜಾವಾ ತಂತ್ರಾಂಶ ಕೆಲವು ವರ್ಷ ನನ್ನ ಕೈಯಲ್ಲಿತ್ತು. ಶಾಖೆಗೊಂದು ಆ್ಯಪ್ ಸರ್ವರ್, ಎಲ್ಲಕ್ಕೂ ಸೇರಿ ದಾವಣಗೆರೆಯಲ್ಲಿ ಒಂದೇ ಪೋಸ್ಟ್‌ಗ್ರೆಸ್ ಡೇಟಾಬೇಸ್. ಅಲ್ಲಿ ಎಡವಿ ಕಲಿತದ್ದು ಇಷ್ಟು.

1. ಪೂಲ್ ಅಳತೆ ಹಾಕುವ ಮುನ್ನ ಒಟ್ಟು ಲೆಕ್ಕ ಹಾಕಿ.
ಡೇಟಾಬೇಸ್ ಕನೆಕ್ಷನ್‌ಗಳನ್ನು ತೆರೆದಿಟ್ಟು ಹಂಚುವ, ಪ್ರತಿ ಶಾಖೆಯ ಹಿಕಾರಿ ಪೂಲ್‌ಗೆ ನಾನು 30 ಎಂದು ಬರೆದಿದ್ದೆ. ಬೇರೆ ಹೇಳದಿದ್ದರೆ ಹಿಕಾರಿ ಅಷ್ಟನ್ನೂ ಮೊದಲೇ ತೆರೆದಿಟ್ಟುಕೊಳ್ಳುತ್ತದೆ. ಪೋಸ್ಟ್‌ಗ್ರೆಸ್‌ನ ಮೂಲ ಮಿತಿ 100, ಅದರಲ್ಲಿ 3 ಆಡಳಿತಕ್ಕೆ ಮೀಸಲು. ಬೆಳಿಗ್ಗೆ ಸರ್ವರ್‌ಗಳು ಶುರುವಾಗುತ್ತಿದ್ದುದು ಮೇಲೆ ಊರುಗಳನ್ನು ಬರೆದ ಕ್ರಮದಲ್ಲೇ. ಮೊದಲ ಮೂರು ಸೇರಿ 90 ಹಿಡಿದರೆ ಜಗಳೂರಿಗೆ ಉಳಿಯುತ್ತಿದ್ದುದು 7. "ಸಾರ್, ನಮ್ದೊಂದೇ ಯಾಕೆ ಸುತ್ತುತ್ತಾನೇ ಇರುತ್ತೆ?" ಎಂದು ಅಲ್ಲಿನ ಗುಮಾಸ್ತರು ಫೋನ್ ಮಾಡಿದಾಗಲೆಲ್ಲ "ಆ ಕಡೆ ಲೈನ್ ಸರಿ ಇಲ್ಲ" ಎಂದುಬಿಡುತ್ತಿದ್ದೆ. ಹದಿನೈದು ದಿನ ಆದ ಮೇಲೆ ಕನೆಕ್ಷನ್‌ಗಳನ್ನು ಶಾಖೆವಾರು ಎಣಿಸಿದೆ. ಆಗ ಗೊತ್ತಾಯಿತು, ತಪ್ಪು ಲೈನಿನದಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಒಂದೊಂದು ಕನೆಕ್ಷನ್ನೂ ಒಂದೊಂದು ಪ್ರತ್ಯೇಕ ಪ್ರೊಸೆಸ್. ಎಂಟು ಕೋರ್‌ನ ಯಂತ್ರ ಒಂದೇ ಸಲಕ್ಕೆ ನೂರು ಕೆಲಸ ಮಾಡಲಾರದು. ಶಾಖೆಗೆ 5ರಂತೆ ಇಳಿಸಿದೆ. ನಾಲ್ಕೂ ಕಡೆ ಕೆಲಸ ಚುರುಕಾಯಿತು.

2. ಕನೆಕ್ಷನ್ ಕೈಯಲ್ಲಿಟ್ಟುಕೊಂಡು ಹೊರಗಿನವರಿಗಾಗಿ ಕಾಯಬೇಡಿ.
ಮಾರ್ಚ್ ಕೊನೆಯ ವಾರ, ಸಾಲ ಕಟ್ಟುವವರ ಸಾಲು ಬಾಗಿಲಾಚೆಗೂ ಇತ್ತು. ಐದೂ ಕನೆಕ್ಷನ್ ಬಳಕೆಯಲ್ಲಿ. 30 ಸೆಕೆಂಡ್ ಕಾದು ಹಿಕಾರಿ ದೋಷ ತೋರಿಸುತ್ತಿತ್ತು. ಪೂಲ್ ಹಿಗ್ಗಿಸಲು ಕೈ ಹೋಗಿತ್ತು, ತಡೆದುಕೊಂಡೆ. ಹುಡುಕಿದರೆ, ಜಮಾ ಮಾಡುವ ಟ್ರಾನ್ಸಾಕ್ಷನ್ನಿನ ಒಳಗೇ ಎಸ್ಸೆಮ್ಮೆಸ್ ಕಳಿಸುವ ಸಾಲು ಕೂತಿತ್ತು. ಎಸ್ಸೆಮ್ಮೆಸ್ ತಡವಾದಷ್ಟೂ ಕನೆಕ್ಷನ್ ಬಂದಿ. ಅದನ್ನು ಕಮಿಟ್ ಆದ ನಂತರಕ್ಕೆ ಹಾಕಿದೆ.

3. ಪಡೆದ ಕನೆಕ್ಷನ್ನನ್ನು ಟ್ರೈ-ವಿತ್-ರಿಸೋರ್ಸಸ್ ಮೂಲಕವೇ ಹಿಂದಿರುಗಿಸಿ. 2011ರ ಜಾವಾ 7ರಿಂದಲೂ ಅದು ಇದೆ.

4. ಬಳಕೆದಾರರು ಟೈಪ್ ಮಾಡಿದ್ದನ್ನು ಎಸ್‌ಕ್ಯೂಎಲ್‌ಗೆ ಅಂಟಿಸಬೇಡಿ.
ನ್ಯಾಮತಿಯಲ್ಲಿ ಅಡಮಾನದ ವಿವರಕ್ಕೆ 30'×40' ನಿವೇಶನ ಎಂದು ಬರೆದರೆ ಸೇವ್ ಆಗುತ್ತಿರಲಿಲ್ಲ. ಅಡಿಯ ಆ ಗುರುತೇ ಎಸ್‌ಕ್ಯೂಎಲ್ ವಾಕ್ಯದೊಳಗಿನ ಪಠ್ಯವನ್ನು ನಡುವೆಯೇ ಮುಗಿಸಿ ವಾಕ್ಯ ಮುರಿಯುತ್ತಿತ್ತು. ಗುಮಾಸ್ತರು ತಾವಾಗಿಯೇ "30 ಅಡಿ" ಎಂದು ಬರೆಯುವುದು ರೂಢಿ ಮಾಡಿಕೊಂಡಿದ್ದರಿಂದ ನನಗೆ ಬಹಳ ದಿನ ಗೊತ್ತೇ ಆಗಲಿಲ್ಲ. ತಿಳಿಯದೆ ಹಾಕಿದ ಗುರುತು ವಾಕ್ಯ ಮುರಿಯುತ್ತದೆಂದರೆ, ತಿಳಿದೇ ಹಾಕಿದವರು ಸದಸ್ಯರ ಖಾತೆಗಳಿಗೇ ಕೈ ಹಾಕಬಹುದು. ಅದು ಹೊಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮದ್ದು ಇದೆ: ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ನಲ್ಲಿ ಮೌಲ್ಯದ ಜಾಗದಲ್ಲಿ ಪ್ರಶ್ನೆ ಚಿಹ್ನೆ ಇರುತ್ತದೆ. ಬರೆದದ್ದು ಬರಿಯ ಮಾಹಿತಿಯಾಗಿಯೇ ಹೋಗುತ್ತದೆ. ಕಾಲಂ ಹೆಸರಿಗೆ ಮಾತ್ರ ಇದು ನಡೆಯದು. ಯಾವ ಕಾಲಂ ಪ್ರಕಾರ ಜೋಡಿಸಬೇಕೆಂಬುದನ್ನು ನಿಮ್ಮದೇ ಪಟ್ಟಿಯಿಂದ ಆರಿಸಿ.

5. ಪುಟ್ಟ ಪೂಲ್‌ನಿಂದ ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ಗೂ ಲಾಭ.
ಒಂದೇ ಸ್ಟೇಟ್‌ಮೆಂಟ್ ಐದನೇ ಸಲ ಓಡಿದಾಗ ಪೋಸ್ಟ್‌ಗ್ರೆಸ್‌ನ ಜಾವಾ ಡ್ರೈವರ್ ಅದನ್ನು ಸರ್ವರ್‌ನಲ್ಲಿ ಹೆಸರಿಟ್ಟು ಉಳಿಸುತ್ತದೆ. ಆದರೆ ಆ ಉಳಿಕೆ ಆಯಾ ಕನೆಕ್ಷನ್‌ಗಷ್ಟೇ. ಮೂವತ್ತು ಕನೆಕ್ಷನ್‌ಗಳಲ್ಲಿ ಹಂಚಿಹೋಗುತ್ತಿದ್ದ ಕೆಲಸ ಐದರಲ್ಲೇ ನಡೆದಾಗ, ಕೌಂಟರ್ ತೆರೆದ ಸ್ವಲ್ಪ ಹೊತ್ತಿಗೇ ರಸೀದಿಯ ಸ್ಟೇಟ್‌ಮೆಂಟ್‌ಗಳು ಎಲ್ಲ ಕನೆಕ್ಷನ್‌ಗಳಲ್ಲೂ ಸಿದ್ಧವಾಗಿರುತ್ತಿದ್ದವು, ಜಗಳೂರಿನಲ್ಲೂ.