‘ಸಾರಿ’ ಅಂದರೆ ಸಾಕೇ?



ಇಂಗ್ಲಿಷ್ ಬಾರದವರ ಬಾಯಲ್ಲೂ ಸಲೀಸಾಗಿ ಬರುವ ಪದಗಳಲ್ಲಿ ‘ಸಾರಿ’ ಒಂದು. ಬಸ್ಸಿನಲ್ಲಿ ಕಾಲು ತುಳಿದರೆ ಸಾರಿ, ಅಂಗಡಿಯಲ್ಲಿ ಚಿಲ್ಲರೆ ಇಲ್ಲದಿದ್ದರೆ ಸಾರಿ, ಹೆಂಡತಿಯ ಮೇಲೆ ರೇಗಾಡಿದ ಮೇಲೂ ಅದೇ ಸಾರಿ. ಒಂದೇ ನಾಣ್ಯ ಎಲ್ಲ ಕಡೆಯೂ ಚಲಾವಣೆಯಾಗುವುದರಿಂದ ಅದರ ಬೆಲೆಯೆಷ್ಟು ಎಂದು ನಾವು ನೋಡುವುದೇ ಇಲ್ಲ.

ಹಳೆಯ ಇಂಗ್ಲಿಷಿನಲ್ಲಿ ಈ ಪದ ಹುಟ್ಟಿದ್ದು ನೋವು, ಹುಣ್ಣು ಎಂಬ ಅರ್ಥದ ‘ಸೋರ್’ ಎಂಬ ಪದದ ಬೇರಿನಿಂದ. (ದುಃಖವೆಂಬ ಅರ್ಥದ ‘ಸಾರೋ’ದಿಂದ ಬಂತೆಂದು ಹಲವರ ಎಣಿಕೆ, ಅದರ ಬೇರೇ ಬೇರೆ.) ಅಂದರೆ ಮೊದಮೊದಲು ‘ಸಾರಿ’ ಎಂದವನು ಕ್ಷಮೆ ಕೇಳಲಿಲ್ಲ, ‘ನನಗೆ ನೋವಾಗಿದೆ’ ಎಂದ. ಈ ಅರ್ಥ ಇಂದಿಗೂ ಉಳಿದಿದೆ. ನಿಮ್ಮ ತಂದೆ ತೀರಿಕೊಂಡ ಸುದ್ದಿ ಕೇಳಿ ಇಂಗ್ಲಿಷಿನವನು ‘ಐ ಆ್ಯಮ್ ಸಾರಿ’ ಎಂದರೆ ಅವನು ನಿಮ್ಮ ದುಃಖದಲ್ಲಿ ಪಾಲುಗೊಳ್ಳುತ್ತಿದ್ದಾನೆ. ಅದನ್ನು ‘ಕ್ಷಮಿಸಿ’ ಎಂದು ಕನ್ನಡಿಸಿದರೆ ಕೊಂದವನೇ ಅವನೇನೋ ಎಂಬಂತಾದೀತು! ಕೆಲಸ ಕೇಳಿ ಹೋದಾಗ ಸಿಗುವ ‘ಸಾರಿ’ಗೆ ‘ಇಲ್ಲ’ ಎಂದಷ್ಟೇ ಅರ್ಥ. ಕನಿಕರ ಹುಟ್ಟಿಸುವ ದುಃಸ್ಥಿತಿಗೂ ಇದೇ ಪದವಿದೆ.

ನಮ್ಮ ಮನೆಗಳಲ್ಲಿ ತೊಡಕಾಗುವುದು ನೋವಿಗೂ ತಪ್ಪೊಪ್ಪಿಗೆಗೂ ಇದೇ ಪದ ಸಲ್ಲುವುದರಿಂದ. ‘ನಿನಗೆ ಬೇಜಾರಾಗಿದ್ದರೆ ಸಾರಿ’ ಎನ್ನುತ್ತೇವೆ. ಇಲ್ಲಿ ತಪ್ಪು ಬೇಜಾರು ಮಾಡಿಕೊಂಡವರದೇ ಆಯಿತಲ್ಲ! ಕನ್ನಡವೇನೂ ಕಡಿಮೆಯಿಲ್ಲ. ‘ಮಳೆ ಬಂತು’ ಎಂಬಂತೆ ‘ತಪ್ಪಾಯ್ತು’ ಎನ್ನುತ್ತೇವೆ, ಮಾಡಿದವರು ಯಾರೋ! ಬಲಿಪೂಜೆಯ ಆರಂಭದಲ್ಲಿ ಎದೆ ಬಡಿದುಕೊಂಡು ಪಾಪ ಮಾಡಿದವನು ನಾನೇ ಎಂದು ಒಪ್ಪಿಕೊಳ್ಳುವಾಗ ಹೀಗೆ ಜಾರಿಕೊಳ್ಳಲು ದಾರಿಯಿಲ್ಲ.

ಯೂದನಿಗೂ ನೋವಾಯಿತು ಎಂಬುದನ್ನು ನಾವು ಮರೆಯುತ್ತೇವೆ. ಮೂವತ್ತು ಬೆಳ್ಳಿ ನಾಣ್ಯಗಳನ್ನು ಹಿಂದಕ್ಕೆ ಕೊಟ್ಟ, ಪಾಪ ಮಾಡಿದೆನೆಂದು ಒಪ್ಪಿಕೊಂಡ (ಮತ್ತಾಯ 27:3-5). ಆದರೆ ಒಪ್ಪಿಕೊಂಡದ್ದು ಮುಖ್ಯಯಾಜಕರ ಮುಂದೆ. ದ್ರೋಹಕ್ಕೆ ಗುರಿಯಾದ ಯೇಸುಸ್ವಾಮಿಯ ಕಡೆಗೆ ಅವನು ತಿರುಗಲಿಲ್ಲ. ಪೇತ್ರನೂ ಪ್ರಭುವನ್ನು ನಿರಾಕರಿಸಿ ಬಹಳವಾಗಿ ಅತ್ತ. ಆದರೆ ಪುನರುತ್ಥಾನದ ನಂತರ ಸರೋವರದ ದಡದಲ್ಲಿ ನಿಂತಿರುವವರು ಪ್ರಭುವೇ ಎಂದು ತಿಳಿದೊಡನೆ, ದೋಣಿ ದಡ ಸೇರುವವರೆಗೂ ಕಾಯದೆ ನೀರಿಗೆ ಧುಮುಕಿದ (ಯೊವಾನ್ನ 21:7). ದೇವರತ್ತ ಒಯ್ಯುವ ದುಃಖ, ಸಾವಿನತ್ತ ಒಯ್ಯುವ ದುಃಖ ಎಂದು ಸಂತ ಪೌಲರು ಎರಡನ್ನು ಬೇರ್ಪಡಿಸುತ್ತಾರೆ (2 ಕೊರಿಂಥ 7:10).

ಪಶ್ಚಾತ್ತಾಪಕ್ಕೆ ಧರ್ಮಸಭೆ ಬಳಸುವ ಲ್ಯಾಟಿನ್ ಪದ ‘ಕೊಂತ್ರಿತ್ಸಿಯೊ’. ಜಜ್ಜುವುದು, ಅರೆಯುವುದು ಎಂಬುದು ಅದರ ಮೂಲಾರ್ಥ. ಕಲ್ಲಾದ ಹೃದಯ ಪುಡಿಯಾಗಬೇಕು. ಪಾಪದ ಬಗ್ಗೆ ದುಃಖ, ಅದರ ಬಗ್ಗೆ ಹೇಸಿಗೆ, ಇನ್ನು ಮಾಡೆನೆಂಬ ನಿರ್ಧಾರ ಇವಿಷ್ಟೂ ಅದರಲ್ಲಿವೆ ಎಂದು 16ನೇ ಶತಮಾನದ ಟ್ರೆಂಟ್ ಮಹಾಸಭೆ ಹೇಳಿತು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥ ಇದನ್ನೇ ಮತ್ತೆ ಕಲಿಸುತ್ತದೆ (ಸಂಖ್ಯೆ 1451). ಪಾಪನಿವೇದನೆಯಲ್ಲಿ ಪಾಪ ಪರಿಹಾರವಾದರೂ ಅದರಿಂದಾದ ಹಾನಿಯನ್ನು ಸರಿಪಡಿಸುವ ಹೊಣೆ ನಮ್ಮ ಮೇಲೇ ಉಳಿಯುತ್ತದೆ ಎಂದೂ ಅದು ಹೇಳುತ್ತದೆ (1459). ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ನೇರ್ಪಡಿಸಬೇಕು. ಜಕ್ಕಾಯ ಲೆಕ್ಕ ಹಾಕಿದ್ದು ನಾಲ್ಕರಷ್ಟು.

2015ರ ಮೇ 13ರಂದು ಅಂದಿನ ಜಗದ್ಗುರು ಫ್ರಾನ್ಸಿಸ್‌ರವರು ಕುಟುಂಬಗಳಿಗೆ ಮೂರು ಮಾತುಗಳನ್ನು ಕಲಿಸಿದರು: ‘ಅಪ್ಪಣೆಯೇ?’, ‘ಧನ್ಯವಾದ’, ‘ಕ್ಷಮಿಸು’. ಮೂರನೆಯದನ್ನು ನಾವು ಮಕ್ಕಳ ಬಾಯಿಂದ ಹೇಳಿಸುತ್ತೇವೆ. ತಂದೆತಾಯಿಯರು ಮಕ್ಕಳಿಗೆ ಹೇಳುವುದು ಅಪರೂಪ. ಕಾಣೆಯಾದ ನೂರು ರೂಪಾಯಿಗೆ ಮಗನನ್ನೇ ಕಳ್ಳನೆಂದು ಬೈದು ಹೊಡೆದಿರಿ. ಸಂಜೆ ಅದು ನಿಮ್ಮ ಇನ್ನೊಂದು ಅಂಗಿಯ ಜೇಬಿನಲ್ಲಿ ಸಿಕ್ಕಿತೆನ್ನಿ. ಆಗ ಚಾಕೊಲೇಟು ತಂದುಕೊಟ್ಟು ಮುಗಿಸಬೇಡಿ. ‘ನೀನು ಕದ್ದಿರಲಿಲ್ಲ, ನಾನು ತಪ್ಪು ಮಾಡಿದೆ’ ಎಂದು ಬಾಯಿಬಿಟ್ಟು ಹೇಳಿ. ಬೈದದ್ದು ನೆಂಟರೆದುರಿಗೆ ಆಗಿದ್ದರೆ, ಅವರು ಊರಿಗೆ ಹೊರಡುವ ಮುನ್ನ ಅವರೆದುರಿಗೇ ಹೇಳಿ.