ಎಂಜಿನ್ ಯಾಕೆ ನಿಂತಿತು? – ‘ದಹನ ಮತ್ತು ಜ್ವಾಲೆ’ ಘಟಕದ ಬೋಧನಾನುಭವ

ತರಗತಿ: 8
ವಿಷಯ: ವಿಜ್ಞಾನ
ಅವಧಿ: ತಲಾ 40 ನಿಮಿಷದ ಎರಡು ಪಾಠ
ಬೋಧನೋಪಕರಣ: ಔಷಧಿ ಪಂಪಿನ ಹಳೆಯ ಪೆಟ್ರೋಲ್ ಎಂಜಿನ್, ಬಿಚ್ಚಿದ ಕಾರ್ಬುರೇಟರ್, ಪ್ಲಾಸ್ಟಿಕ್ ಬಾಟಲಿ, ಹೀರುಕೊಳವೆ, ನೀರು

ಹಿನ್ನೆಲೆ

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಕುಮಟಾ ತಾಲೂಕಿನ ಯಾಣದ ಕಡೆಯ ಒಂದು ಶಾಲೆ. ಹೆಚ್ಚಿನ ಮಕ್ಕಳು ಅಡಿಕೆ ತೋಟದ ಕೆಲಸ ನೋಡಿ ಬೆಳೆದವರು. ಮಳೆ ಹಿಡಿಯುವ ಮೊದಲು ಒಮ್ಮೆ, 40–45 ದಿನ ಬಿಟ್ಟು ಮತ್ತೊಮ್ಮೆ ಇಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ. ಪಂಪಿನ ಎಂಜಿನ್ ಮಳೆಗಾಲದ ಕೊನೆಗೆ ಮೂಲೆ ಸೇರಿದರೆ ಹೊರಬರುವುದು ಮುಂದಿನ ಮೇ ತಿಂಗಳಲ್ಲಿ. ಆಗ ಅದು ಕೈಕೊಟ್ಟರೆ ಕೊನೆಗೌಡ ಮರದ ಮೇಲೆ ಸುಮ್ಮನೆ ಕೂರಬೇಕು. ಮಳೆ ಕೊಟ್ಟ ಬಿಡುವು ಕೈತಪ್ಪುತ್ತದೆ.

ದಹನಕ್ಕೆ ಇಂಧನ, ಗಾಳಿ, ಜ್ವಲನ ತಾಪ ಮೂರೂ ಬೇಕು ಎಂಬುದು ಪಾಠದ ತಿರುಳು. ಎಂಜಿನ್ ನಿಂತಿದೆ ಎಂದರೆ ಈ ಮೂರರಲ್ಲಿ ಒಂದು ತಪ್ಪಿದೆ ಎಂದು ಮಕ್ಕಳೇ ಕಂಡುಕೊಳ್ಳಲಿ ಎಂದು ಯೋಜಿಸಿದೆ. ಹತ್ತಿರದ ತೋಟದವರು ಎಂಜಿನ್ ಕೊಟ್ಟು, “ಚಾಲೂ ಆಗ್ತದೆ, ಹತ್ತು ನಿಮಿಷಕ್ಕೆ ನಿಲ್ತದೆ. ಸ್ವಲ್ಪ ಬಿಟ್ಟು ಎಳೆದ್ರೆ ಮತ್ತೆ ಹೊರಡ್ತದೆ” ಎಂದಿದ್ದರು.

ಸುರಕ್ಷತೆ: ಟ್ಯಾಂಕ್, ಕಾರ್ಬುರೇಟರ್ ಎರಡನ್ನೂ ತೋಟದಲ್ಲೇ ಖಾಲಿ ಮಾಡಿಸಿ, ಬಯಲಿನಲ್ಲಿ ಒಣಗಿಸಿ ತಂದೆ. ತರಗತಿಗೆ ಒಂದು ಹನಿ ಪೆಟ್ರೋಲನ್ನೂ ತರಲಿಲ್ಲ, ಎಂಜಿನ್ ಚಾಲೂ ಮಾಡಲಿಲ್ಲ.

ಮೊದಲ ಪಾಠ

ನೀರಿನ ಲೋಟದಲ್ಲಿ ಹೀರುಕೊಳವೆಯ ಒಂದು ತುಂಡನ್ನು ನೆಟ್ಟಗೆ ನಿಲ್ಲಿಸಿ, ಇನ್ನೊಂದು ತುಂಡಿನಿಂದ ಅದರ ಬಾಯಿಯ ಮೇಲೆ ಅಡ್ಡಲಾಗಿ ಜೋರಾಗಿ ಊದಿಸಿದೆ. ನೀರು ಮೇಲೇರಿ ತುಂತುರಾಯಿತು. ಕಾರ್ಬುರೇಟರಿನ ಕೆಲಸವೂ ಇದೇ: ಕಿರಿದಾದ ಕಂಠದಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ, ಕೆಳಗಿನ ಬಟ್ಟಲಿನ ಪೆಟ್ರೋಲ್ ಜೆಟ್ ಎಂಬ ಸಣ್ಣ ತೂತಿನಿಂದ ಮೇಲೆ ಬಂದು ಗಾಳಿಯೊಡನೆ ಬೆರೆಯುತ್ತದೆ. 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು.

ತಿಂಗಳುಗಟ್ಟಲೆ ನಿಂತ ಪೆಟ್ರೋಲಿನಲ್ಲಿ ಬೇಗ ಆವಿಯಾಗುವ ಅಂಶ ಹೋಗಿ ಅಂಟು ಉಳಿಯುತ್ತದೆ, ಅದು ಜೆಟ್ಟನ್ನು ಮುಚ್ಚುತ್ತದೆ. ಈಗ ಪೆಟ್ರೋಲಿಗೆ ಸೇರಿಸುತ್ತಿರುವ ಎಥನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ಇಷ್ಟು ಹೇಳಿ, “ಹಾಗಾದರೆ ಈ ಎಂಜಿನ್ ನಿಲ್ಲಲು ಕಾರಣ?” ಎಂದು ಕೇಳಿದೆ. “ಜೆಟ್ ಕಟ್ಟಿದೆ” ಎಂದು ತರಗತಿ ಒಟ್ಟಾಗಿ ಹೇಳಿತು. ನನಗೆ ಖುಷಿಯಾಯಿತು.

ಹಿಂದಿನ ಬೆಂಚಿನಿಂದ ಕೊನೆಗೌಡರೊಬ್ಬರ ಮಗ, “ಅಕ್ಕೋರೆ, ಟ್ಯಾಂಕಿನ ಮುಚ್ಚಳ ಸಡ್ಲ ಮಾಡಿದ್ರೆ ಓಡ್ತದೆ” ಎಂದ. “ಅದನ್ನ ಆಮೇಲೆ ನೋಡುವ” ಎಂದು ಮುಂದೆ ಹೋದೆ. ಆ ಅವಧಿಯಲ್ಲಿ ಅವನು ಮತ್ತೆ ಮಾತಾಡಲಿಲ್ಲ.

ಮಾರ್ಗದರ್ಶಕರು ಅವಲೋಕನ ಪುಸ್ತಕದಲ್ಲಿ ಬರೆದದ್ದು ಒಂದೇ ಪ್ರಶ್ನೆ: ‘ಜೆಟ್ ಕಟ್ಟಿದ ಎಂಜಿನ್ ಹತ್ತು ನಿಮಿಷ ಸರಿಯಾಗಿ ಓಡುವುದು ಹೇಗೆ?’ ನನ್ನ ಬಳಿ ಉತ್ತರವಿರಲಿಲ್ಲ. ಪ್ರಶ್ನೆ ಕೇಳುವ ಮೊದಲೇ ನಾನು ಉತ್ತರ ನಿಶ್ಚಯಿಸಿಕೊಂಡಿದ್ದೆ.

ಎರಡನೆಯ ಪಾಠ

ಬಾಟಲಿಯ ಬುಡದ ಹತ್ತಿರ ಸಣ್ಣ ತೂತು ಮಾಡಿ, ನೀರು ತುಂಬಿ, ಮುಚ್ಚಳ ಬಿಗಿದು ಆ ಹುಡುಗನ ಕೈಗೆ ಕೊಟ್ಟೆ. ನೀರು ಸ್ವಲ್ಪ ಹರಿದು ನಿಂತಿತು. ಮುಚ್ಚಳ ಸಡಿಲಿಸಿದ; ಮತ್ತೆ ಹರಿಯಿತು. “ನಿನ್ನೆ ನೀನು ಹೇಳಿದ್ದು ಇದೇ ಅಲ್ವಾ? ಯಾಕೆ ಹೀಗೆ, ಎಲ್ಲರಿಗೂ ಹೇಳು” ಎಂದೆ. “ಒಳಗೆ ಗಾಳಿ ಹೋಗದೆ ಹೊರಗೆ ಬರೂದಿಲ್ಲ” ಎಂದ. ಒತ್ತಡದ ಮಾತನ್ನು ನಾನು ಅದಕ್ಕೆ ಸೇರಿಸಿದೆನಷ್ಟೆ. ಎಂಜಿನ್ನಿನ ಮುಚ್ಚಳ ನೋಡಿದೆವು. ಗಾಳಿಯ ತೂತಿನಲ್ಲಿ ಸುಣ್ಣ, ಮೈಲುತುತ್ತು ಗಟ್ಟಿಯಾಗಿ ಕೂತಿತ್ತು.

ನಂತರ ಮಕ್ಕಳೊಡನೆ ಸೇರಿ ಕಪ್ಪುಹಲಗೆಯ ಮೇಲೆ ಪ್ರಶ್ನೆಗಳ ಕ್ರಮ ಬರೆದೆವು:

1. ಯಾವಾಗ ನಿಲ್ಲುತ್ತದೆ? ಸ್ವಲ್ಪ ಓಡಿ ನಿಂತು, ಬಿಡುವು ಕೊಟ್ಟರೆ ಹೊರಟರೆ ಮೊದಲು ಮುಚ್ಚಳದ ತೂತು ನೋಡಬೇಕು.
2. ಚಾಲೂ ಆಗುವುದೇ ಇಲ್ಲವೇ? ಹಗ್ಗ ಎಳೆದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಬೇಕು. ಒಣಗಿದ್ದರೆ ಇಂಧನ ಬರುತ್ತಿಲ್ಲ. ಒದ್ದೆಯಾಗಿದ್ದರೆ ಇಂಧನ ಹೆಚ್ಚಾಗಿದೆ, ಗಾಳಿ ಸಾಲದು ಅಥವಾ ಕಿಡಿ ಇಲ್ಲ.
3. ಪ್ಲಗ್ ಒಣಗಿದ್ದರೆ, ಕಾರ್ಬುರೇಟರಿಗೆ ಬರುವ ಪೈಪಿನಲ್ಲಿ ಪೆಟ್ರೋಲ್ ಇದೆಯೇ? ಇಲ್ಲದಿದ್ದರೆ ತೊಂದರೆ ಟ್ಯಾಂಕ್, ನಲ್ಲಿ ಅಥವಾ ಜಾಲರಿಯಲ್ಲಿ.
4. ಪೈಪಿನಲ್ಲಿ ಇದ್ದರೆ, ಬಟ್ಟಲಿನಲ್ಲಿ ಇದೆಯೇ? ಇಲ್ಲದಿದ್ದರೆ ಫ್ಲೋಟಿನ ಸೂಜಿ ಅಂಟಿದೆ. ಇದ್ದರೆ ಜೆಟ್ ಕಟ್ಟಿದೆ.
5. ಚೋಕ್ ಹಾಕಿದಾಗ ಮಾತ್ರ ಓಡುತ್ತದೆಯೇ? ಇಂಧನ ಸಾಲದು: ಜೆಟ್ ಅರ್ಧ ಕಟ್ಟಿದೆ, ಇಲ್ಲವೇ ಗ್ಯಾಸ್ಕೆಟ್ ಬಳಿ ಗಾಳಿ ಎಳೆಯುತ್ತಿದೆ.

ಜೆಟ್ಟಿಗೆ ತಂತಿ ಚುಚ್ಚಿದರೆ ತೂತು ದೊಡ್ಡದಾಗಿ ಮಿಶ್ರಣವೇ ಕೆಡುತ್ತದೆ. ಗಾಳಿ ಹೊಡೆದು ಸ್ವಚ್ಛ ಮಾಡಬೇಕು ಎಂದೂ, ಪ್ಲಗ್, ಪೈಪು ಬಿಚ್ಚುವ ಕೆಲಸ ಎಂಜಿನ್ ತಣ್ಣಗಾದ ಮೇಲೆ ಬಯಲಿನಲ್ಲಿ ದೊಡ್ಡವರು ಮಾಡಬೇಕು ಎಂದೂ ಸೇರಿಸಿದೆ.

ಮೌಲ್ಯಮಾಪನ

‘ಔಷಧಿ ಹೊಡೆದು ಮುಗಿದ ಮೇಲೆ ಎಂಜಿನ್ ಹೇಗೆ ಇಡಬೇಕು? ಕಾರಣ ಕೊಡಿ’ ಎಂದು ಕೇಳಿದೆ. ಟ್ಯಾಂಕ್ ಖಾಲಿ ಮಾಡಿ, ಬಟ್ಟಲಿನ ಪೆಟ್ರೋಲನ್ನೂ ಇಳಿಸಿ ಇಡಬೇಕು, ಇಲ್ಲದಿದ್ದರೆ ಅಂಟಾಗುತ್ತದೆ ಎಂದು ಹೆಚ್ಚಿನವರು ಬರೆದರು. ಮುಚ್ಚಳದ ತೂತು ಒರೆಸಿ ಇಡಬೇಕು ಎಂದು ಸೇರಿಸಿದವರೂ ಇದ್ದರು.

ಪರಾವಲೋಕನ

ಎರಡೂ ಪಾಠದಲ್ಲಿ ವಿಜ್ಞಾನ ತಪ್ಪಿರಲಿಲ್ಲ. ಮೊದಲನೆಯದರಲ್ಲಿ ಮಕ್ಕಳು ಎಂಜಿನ್ನಿನ ಲಕ್ಷಣ ನೋಡಿ ಉತ್ತರಿಸಲಿಲ್ಲ, ನಾನು ಏನು ಕೇಳಬಯಸುತ್ತೇನೆ ಎಂದು ನೋಡಿ ಉತ್ತರಿಸಿದರು. ಲಕ್ಷಣ ನೋಡಿದವನು ಒಬ್ಬನೇ, ಅವನನ್ನು ನಾನು ಸುಮ್ಮನಾಗಿಸಿದ್ದೆ. ಪಾಠ ಯೋಜನೆಯ ‘ಪೂರ್ವಜ್ಞಾನ’ದ ಕೆಳಗೆ ನಾನು ಹಿಂದಿನ ತರಗತಿಯ ಘಟಕಗಳ ಹೆಸರನ್ನಷ್ಟೇ ಬರೆದಿದ್ದೆ. ಈಗ ಅಲ್ಲಿ ಒಂದು ಸಾಲು ಖಾಲಿ ಬಿಡುತ್ತೇನೆ. ಪಾಠ ಆರಂಭಿಸುವ ಮೊದಲು ಮಕ್ಕಳನ್ನು ಕೇಳಿ ಅದನ್ನು ತುಂಬುತ್ತೇನೆ.